ಬಿಸಿಲಿಗೆ ಸುಟ್ಟ ಮಗುವಿನ ಚರ್ಮ: ಏನು ಮಾಡಬೇಕು, ಏನು ಹಚ್ಚಬಾರದು

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ, ತೂಕ 12 ಕೆ.ಜಿ. ನಿನ್ನೆ ಮಧ್ಯಾಹ್ನ ಎರಡು ಗಂಟೆ ಹೊತ್ತು ನೀರಿನಲ್ಲಿ ಆಡಿದಳು. ಮೋಡ ಮುಸುಕಿತ್ತು, ಗಾಳಿಯೂ ತಂಪಾಗಿತ್ತು. ಮನೆಗೆ ಬಂದಾಗ ಮೈಮೇಲೆ ಏನೂ ಇರಲಿಲ್ಲ. ರಾತ್ರಿ ಹೊತ್ತಿಗೆ ಹೆಗಲು, ಬೆನ್ನಿನ ಮೇಲ್ಭಾಗ, ಮೂಗು ಕೆಂಪಾದವು, ಮುಟ್ಟಿದರೆ ಅಳುತ್ತಿದ್ದಳು. ಬೆಳಿಗ್ಗೆ ನೋಡಿದರೆ ಇನ್ನೂ ಜಾಸ್ತಿಯಾಗಿದೆ, ಎಡ ಹೆಗಲ ಮೇಲೆ ಎರಡು ಸಣ್ಣ ನೀರುಗುಳ್ಳೆ ಎದ್ದಿವೆ. ಜ್ವರವಿಲ್ಲ, ಹಾಲು, ನೀರು ಕುಡಿಯುತ್ತಿದ್ದಾಳೆ. ಐಸ್ ಇಡಬಹುದೇ? ಏನು ಹಚ್ಚಬೇಕು? ಗುಳ್ಳೆ ಒಡೆಯಬೇಕೇ? ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಆರೈಕೆಯ ಬಹುಪಾಲು ಮನೆಯಲ್ಲೇ ಆಗುವಂಥದ್ದು. ಆದರೆ ಮಗು ಚಿಕ್ಕದು, ಗುಳ್ಳೆಯೂ ಎದ್ದಿದೆ. ಹಾಗಾಗಿ ಇವತ್ತೇ ನಿಮ್ಮ ಮಕ್ಕಳ ವೈದ್ಯರಿಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿ, ಆಗುವುದಾದರೆ ಫೋಟೋ ಕಳಿಸಿ. ಐಸ್ ಬೇಡ. ಗುಳ್ಳೆ ಒಡೆಯಬೇಡಿ. ಏನು ಹಚ್ಚಬೇಕು ಎನ್ನುವುದಕ್ಕಿಂತ ಏನು ಹಚ್ಚಬಾರದು ಎನ್ನುವ ಪಟ್ಟಿಯೇ ಉದ್ದವಿದೆ, ಅದಕ್ಕೆ ಆಮೇಲೆ ಬರೋಣ.

ಮೊದಲು, ಬೆಳಿಗ್ಗೆ ಏಕೆ ಹೆಚ್ಚಾಯಿತು ಎಂಬುದು. ಇದು ಬಿಸಿನೀರು ಬಿದ್ದಂಥ ಸುಡುವಿಕೆಯಲ್ಲ. ಇಲ್ಲಿ ಚರ್ಮವನ್ನು ಸುಡುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ಅತಿನೇರಳೆ ಕಿರಣ, ಮುಖ್ಯವಾಗಿ ಯುವಿ-ಬಿ ಎನ್ನುವ ಭಾಗ. ಅದು ಮೇಲ್ಚರ್ಮದ ಜೀವಕೋಶಗಳ ಡಿಎನ್ಎಗೆ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಕೋಶಗಳು ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ, ಅವುಗಳಿಂದ ರಕ್ತನಾಳಗಳು ಹಿಗ್ಗುತ್ತವೆ, ಉರಿಯೂತ ಶುರುವಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಸಾಮಾನ್ಯವಾಗಿ ಬಿಸಿಲಿಗೆ ಹೋದ 3ರಿಂದ 5 ಗಂಟೆಗಳ ನಂತರ ಕೆಂಪು ಕಾಣಿಸಿಕೊಳ್ಳುತ್ತದೆ, 12ರಿಂದ 24 ಗಂಟೆಯೊಳಗೆ ತುತ್ತತುದಿ ಮುಟ್ಟುತ್ತದೆ. ಅಂದರೆ ನಿಮ್ಮ ಮಗಳಿಗೆ ಅತಿ ಕಷ್ಟದ ಹೊತ್ತು ಈಗಿನದೇ. ನಾಳೆಯಿಂದ ಇಳಿಮುಖವಾಗಬೇಕು. ನಾಳಿದ್ದೂ ಕೆಂಪು ಏರುತ್ತಲೇ ಇದ್ದರೆ ಅದು ಬರೀ ಬಿಸಿಲಿನ ಸುಡುವಿಕೆಯಲ್ಲ ಎಂದು ಅನುಮಾನಿಸಬೇಕು.

ಆಗಿಹೋದ ಪೆಟ್ಟನ್ನು ಯಾವ ಮುಲಾಮೂ ಹಿಂದಕ್ಕೆ ತೆಗೆಯಲಾರದು. ಚರ್ಮ ತಾನಾಗಿಯೇ ಹೊಸ ಪದರ ಕಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಉರಿ ಇಳಿಸುವುದು, ತೇವ ಉಳಿಸುವುದು, ಮೈಗೆ ನೀರು ಸಾಲದಂತಾಗದ ಹಾಗೆ ನೋಡಿಕೊಳ್ಳುವುದು, ಇಷ್ಟೇ ನಿಮ್ಮ ಕೆಲಸ.

ತಂಪು ಮಾಡುವ ಬಗೆ

ಐಸನ್ನು ನೇರವಾಗಿ ಇಟ್ಟರೆ ಮೊದಲ ಒಂದೆರಡು ನಿಮಿಷ ಹಾಯೆನಿಸುತ್ತದೆ, ಅದೇ ಮೋಸ. ಮರಗಟ್ಟಿದ ಚರ್ಮಕ್ಕೆ ಅತಿಶೀತ ಗೊತ್ತಾಗುವುದಿಲ್ಲ. ರಕ್ತನಾಳಗಳು ಮುದುಡಿ, ಮೊದಲೇ ಗಾಯಗೊಂಡ ಚರ್ಮಕ್ಕೆ ಹಿಮದ ಪೆಟ್ಟೂ ಸೇರುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಕೂಡ ಇಷ್ಟು ಚಿಕ್ಕ ಮಗುವಿನ ಬೆನ್ನಿಗೆ ಬೇಡ.

ಬದಲಿಗೆ ಮಗುವಿಗೆ ಸ್ನಾನ ಮಾಡಿಸಿ. ಉಗುರುಬೆಚ್ಚಗಿನ ನೀರಿನಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ತಣ್ಣೀರು ಬೆರೆಸುತ್ತ ಹೋಗಿ. ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ನೀರು ತುಸು ತಂಪು ಅನ್ನಿಸಿದರೆ ಸಾಕು, ಜುಮ್ಮೆನ್ನಬಾರದು. ಸುಮಾರು 10 ನಿಮಿಷ. ಶವರ್ ನೀರಿನ ರಭಸ ಸುಟ್ಟ ಚರ್ಮಕ್ಕೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಮಗ್ಗಿನಿಂದ ನಿಧಾನವಾಗಿ ಹೆಗಲ ಮೇಲಿಂದ ಇಳಿಬಿಡಿ. ಸೋಪು, ಶಾಂಪೂ, ನೊರೆಯ ದ್ರಾವಣ ಎರಡು ದಿನ ಬೇಡ, ಅವು ಉಳಿದಿರುವ ಅಲ್ಪಸ್ವಲ್ಪ ಜಿಡ್ಡನ್ನೂ ತೊಳೆದು ಚರ್ಮವನ್ನು ಇನ್ನಷ್ಟು ಒಣಗಿಸುತ್ತವೆ. ಮಗು ನಡುಗಿದರೆ ತಕ್ಷಣ ನೀರಿನಿಂದ ತೆಗೆಯಿರಿ. ಚಿಕ್ಕ ಮಕ್ಕಳ ಮೈ ದೊಡ್ಡವರದ್ದಕ್ಕಿಂತ ಬೇಗ ತಣ್ಣಗಾಗಿಬಿಡುತ್ತದೆ, ಸುಟ್ಟ ಚರ್ಮವಂತೂ ಕಾವು ಹಿಡಿದಿಟ್ಟುಕೊಳ್ಳುವುದೇ ಇಲ್ಲ.

ಸ್ನಾನಗಳ ನಡುವೆ ಒದ್ದೆಬಟ್ಟೆ ಇಡಿ. ಮೆತ್ತನೆಯ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತಂಪು ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಸುಟ್ಟ ಜಾಗದ ಮೇಲೆ 10ರಿಂದ 15 ನಿಮಿಷ. ಬಟ್ಟೆ ಬೆಚ್ಚಗಾದ ಕೂಡಲೇ ಮತ್ತೆ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ, ಬೇಕೆನಿಸಿದರೆ ಇನ್ನೂ ಒಂದೆರಡು ಸಲ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ: ಮಗು ಹಾಗೇ ನಿದ್ದೆಹೋಯಿತೆಂದು ಬಟ್ಟೆಯನ್ನು ಮೈಮೇಲೆಯೇ ಬಿಡುತ್ತಾರೆ. ಅದು ಒಣಗಿ ಗುಳ್ಳೆಗೆ ಅಂಟಿಕೊಳ್ಳುತ್ತದೆ, ಎಳೆದಾಗ ಗುಳ್ಳೆಯ ಹೊದಿಕೆಯೇ ಕಿತ್ತುಬರುತ್ತದೆ. ಹಾಗೆ ಅಂಟಿದ್ದರೆ ಎಳೆಯದೆ, ನೀರು ಹಾಕಿ ನೆನೆಸಿ ಬಿಡಿಸಿ.

ಒರೆಸುವಾಗ ಉಜ್ಜಬೇಡಿ, ಟವೆಲಿನಿಂದ ಒತ್ತಿ ಒತ್ತಿ ತೆಗೆಯಿರಿ. ಪೂರ್ತಿ ಒಣಗಿಸುವುದೂ ಬೇಡ. ಚರ್ಮ ಇನ್ನೂ ಪಸೆಪಸೆಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ. ಆ ಪಸೆ ಒಳಗೇ ಉಳಿಯಬೇಕು, ಅದಕ್ಕೇ ಈ ಅವಸರ.

ಹಚ್ಚುವುದು, ಹಚ್ಚದಿರುವುದು

ಸುವಾಸನೆ ಹಾಕದ, ನೀರಿನಂಶ ಹೆಚ್ಚಿರುವ ತೆಳು ಲೋಷನ್ ಸಾಕು. ದುಬಾರಿಯದ್ದೇ ಆಗಬೇಕಿಲ್ಲ. ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿಕೊಂಡರೆ ಮಗು ಹೆಚ್ಚು ಸಹಕರಿಸುತ್ತದೆ (ಫ್ರೀಜರಿನಲ್ಲಲ್ಲ). ಅಂಗೈಯಲ್ಲಿ ಹರಡಿಕೊಂಡು ಚರ್ಮದ ಮೇಲೆ ತಟ್ಟಿದಂತೆ ತೆಳುವಾಗಿ ಹಚ್ಚಿ, ತಿಕ್ಕಬೇಡಿ. ದಿನಕ್ಕೆ ಮೂರು ನಾಲ್ಕು ಬಾರಿ. ಒಡೆದ ಗುಳ್ಳೆಯ ಮೇಲೆ ಬೇಡ.

ಲೋಳೆಸರದ ಜೆಲ್ ತಂಪು ಕೊಡುತ್ತದೆ, ಬಳಸಬಹುದು. ಆದರೆ ಕೊಳ್ಳುವ ಮುನ್ನ ಡಬ್ಬಿಯ ಹಿಂಭಾಗ ಓದಿ. ಹಸಿರು ಬಣ್ಣದ ಎಷ್ಟೋ ಜೆಲ್‌ಗಳಲ್ಲಿ ಆಲ್ಕೋಹಾಲ್ ಮತ್ತು ಸುವಾಸನೆ ಇರುತ್ತವೆ, ಇವೆರಡೂ ಉರಿ ಹೆಚ್ಚಿಸುತ್ತವೆ. ಗಿಡದಿಂದಲೇ ತೆಗೆಯುವುದಾದರೆ, ಎಲೆ ಕತ್ತರಿಸಿದ ಕೂಡಲೇ ಸೋರುವ ಹಳದಿ ರಸ ಚರ್ಮಕ್ಕೆ ಕೆರೆತ ತರುತ್ತದೆ. ಎಲೆಯನ್ನು 10-15 ನಿಮಿಷ ನೇರವಾಗಿ ನಿಲ್ಲಿಸಿ ಅದನ್ನು ಸೋರಿಬಿಡಿ, ತೊಳೆಯಿರಿ, ಸಿಪ್ಪೆ ತೆಗೆದು ಪಾರದರ್ಶಕ ತಿರುಳನ್ನಷ್ಟೇ ಬಳಸಿ. ಮೊದಲು ಸುಡದ ಜಾಗದಲ್ಲಿ, ಮುಂದೋಳಿನ ಒಳಬದಿಗೆ ಒಂದಿಷ್ಟು ಸವರಿ ನೋಡಿ. ಗಿಡದ ತಿರುಳಿನಲ್ಲಿ ಸೂಕ್ಷ್ಮಜೀವಿಗಳು ಇರಬಹುದಾದ್ದರಿಂದ ಚರ್ಮ ಒಡೆದ ಜಾಗಕ್ಕೆ ಅದು ಬರಲೇಕೂಡದು.

ಈಗ ಬೇಡವಾದವು. ಬೆಣ್ಣೆ, ಎಣ್ಣೆ, ದಪ್ಪ ಮುಲಾಮು, ಪೆಟ್ರೋಲಿಯಂ ಜೆಲ್ಲಿ: ಉರಿಯುತ್ತಿರುವ ಚರ್ಮದ ಮೇಲೆ ಜಿಡ್ಡಿನ ಪದರ ಕೂತರೆ ಕಾವೂ ಬೆವರೂ ಹೊರಹೋಗಲು ದಾರಿಯಿಲ್ಲ. (ಪೆಟ್ರೋಲಿಯಂ ಜೆಲ್ಲಿಗೆ ಆಮೇಲೆ ಒಂದು ಜಾಗ ಇದೆ, ಒಡೆದ ಗುಳ್ಳೆಯ ವಿಷಯದಲ್ಲಿ.) ಟೂತ್‌ಪೇಸ್ಟ್, ವಿನೆಗರ್, ಮೆಂಥಾಲ್ ಅಥವಾ ಕರ್ಪೂರವಿರುವ ಮುಲಾಮುಗಳು ತಂಪಿನ ಭ್ರಮೆ ಹುಟ್ಟಿಸಿ ಚರ್ಮವನ್ನು ಕೆರಳಿಸುತ್ತವೆ, ಕರ್ಪೂರ ಚಿಕ್ಕ ಮಕ್ಕಳಿಗೆ ವಿಷಕಾರಿ ಕೂಡ. ನಿಂಬೆರಸವಂತೂ ದೂರವೇ ಇರಲಿ. ಅದರಲ್ಲಿರುವ ಫ್ಯೂರೋಕೌಮರಿನ್ ಎಂಬ ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಹೊಸದಾಗಿಯೇ ಗುಳ್ಳೆ ಏಳುತ್ತವೆ, ವಾರಗಟ್ಟಲೆ ಉಳಿಯುವ ಕಪ್ಪು ಕಲೆಗಳನ್ನೂ ಬಿಡುತ್ತವೆ.

ನೋವು ಮರೆಸುವ ಸ್ಪ್ರೇ ಮತ್ತು ಕ್ರೀಮುಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ಬೆಂಜೋಕೇನ್, ಲಿಡೋಕೇನ್ ಹೀಗೆ ‘ಕೇನ್’ ಎಂದು ಕೊನೆಯಾಗುವ ಹೆಸರು ಪೊಟ್ಟಣದ ಮೇಲಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಅಲರ್ಜಿಯ ದದ್ದು ಒಂದು ಅಪಾಯ. ಅದಕ್ಕಿಂತ ದೊಡ್ಡದು, ಸುಟ್ಟ ಚರ್ಮದ ಮೂಲಕ ಔಷಧ ಸಾಮಾನ್ಯಕ್ಕಿಂತ ಹೆಚ್ಚು ಒಳಸೇರುವುದು. ಬೆಂಜೋಕೇನ್ ಚಿಕ್ಕ ಮಕ್ಕಳ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸಬಲ್ಲದು. ತುರಿಕೆಗೆ ಹಚ್ಚುವ ಆಂಟಿಹಿಸ್ಟಮಿನ್ ಕ್ರೀಮುಗಳೂ ಬೇಡ. ಹೈಡ್ರೋಕಾರ್ಟಿಸೋನ್ 1% ಎಂಬ ಸ್ಟೀರಾಯ್ಡ್ ಕ್ರೀಮನ್ನು ಕೆಲವರು ಸಲಹೆ ಮಾಡುತ್ತಾರೆ. ಬಿಸಿಲಿಗೆ ಸುಟ್ಟ ಮೇಲೆ ಅದರಿಂದ ಸಿಗುವ ಲಾಭ ಬಹಳ ಕಡಿಮೆ, ಇಷ್ಟು ಚಿಕ್ಕವರಿಗೆ ವೈದ್ಯರು ಹೇಳದೆ ಬಳಸುವ ಅಗತ್ಯ ನನಗೆ ಕಾಣುವುದಿಲ್ಲ.

ನೋವಿನ ಔಷಧ ಕೊಡಲು ಹಿಂಜರಿಯಬೇಡಿ

ಜ್ವರವಿಲ್ಲವಲ್ಲ, ಔಷಧ ಯಾಕೆ ಎಂದು ತಡೆಯುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ನೋವಿರುವ ಮಗು ನಿದ್ದೆ ಮಾಡುವುದಿಲ್ಲ, ಕುಡಿಯುವುದೂ ಇಲ್ಲ. ಮೊದಲ ಒಂದೆರಡು ದಿನ ಪ್ಯಾರಾಸಿಟಮಾಲ್ ಕೊಡುವುದು ಸರಿಯಾದ ಕ್ರಮವೇ.

ಲೆಕ್ಕ ತೂಕದ ಮೇಲೆ: ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. 12 ಕೆ.ಜಿ. ಮಗುವಿಗೆ 120ರಿಂದ 180 ಮಿ.ಗ್ರಾಂ. ಎರಡು ಸಲದ ನಡುವೆ ಕನಿಷ್ಠ 4 ಗಂಟೆ, ಆದರೆ 6 ಗಂಟೆ ಅಂತರವಿದ್ದರೆ ಒಳ್ಳೆಯದು. 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ.

ಎಡವಟ್ಟಾಗುವುದು ಮಿಲಿಗ್ರಾಂನಲ್ಲಲ್ಲ, ಮಿಲಿಲೀಟರ್‌ನಲ್ಲಿ. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ಪಿನಲ್ಲಿ 180 ಮಿ.ಗ್ರಾಂ ಎಂದರೆ 7.5 ಮಿ.ಲೀ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಗಟ್ಟಿ ಸಿರಪ್ಪಿನಲ್ಲಿ ಅದೇ 3.6 ಮಿ.ಲೀ. ಶಿಶುಗಳ ಡ್ರಾಪ್ಸ್ 1 ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ 1.8 ಮಿ.ಲೀ. ಮಾತ್ರ. ಡ್ರಾಪ್ಸನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ ಓದಿ, ಅಡುಗೆಮನೆಯ ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ, ಕೊಟ್ಟ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ನೆಗಡಿಯ ಔಷಧವೇನಾದರೂ ನಡೆಯುತ್ತಿದ್ದರೆ ಅದರಲ್ಲೂ ಪ್ಯಾರಾಸಿಟಮಾಲ್ ಇದೆಯೇ ನೋಡಿ.

ಐಬುಪ್ರೊಫೇನ್ ಉರಿಯೂತವನ್ನೂ ತಗ್ಗಿಸುವುದರಿಂದ ಇಲ್ಲಿ ಒಪ್ಪುವ ಔಷಧವೇ. ಪ್ರಮಾಣ ಕೆ.ಜಿ.ಗೆ 5ರಿಂದ 10 ಮಿ.ಗ್ರಾಂ, 6ರಿಂದ 8 ಗಂಟೆಗೊಮ್ಮೆ, ದಿನಕ್ಕೆ ಮೂರು ಸಲಕ್ಕೆ ಮೀರದಂತೆ, ಏನಾದರೂ ತಿಂದ ಮೇಲೆ. ಆರು ತಿಂಗಳೊಳಗಿನವರಿಗೆ ಕೊಡುವಂತಿಲ್ಲ. ವಾಂತಿಯಾಗುತ್ತಿದ್ದರೆ ಅಥವಾ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಮೂತ್ರಪಿಂಡಕ್ಕೆ ತೊಂದರೆ, ಆಗಲೂ ಬೇಡ. ಸೀತಾಳೆ ಸಿಡುಬು ಇರುವ ಮಗುವಿಗೂ ಬೇಡ. ಆಸ್ತಮಾ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಆಸ್ಪಿರಿನ್ 16 ವರ್ಷದೊಳಗಿನ ಯಾರಿಗೂ ಕೊಡಬೇಡಿ. ಮಿದುಳು ಮತ್ತು ಯಕೃತ್ತನ್ನು ಕೆಡಿಸುವ ರೇಯ್ ಸಿಂಡ್ರೋಮ್ ಎಂಬ ಅಪರೂಪದ, ಜೀವಕ್ಕೇ ಕುತ್ತಾಗುವ ಕಾಯಿಲೆಗೂ ಅದಕ್ಕೂ ನಂಟಿದೆ.

ಕುಡಿಯುವುದು, ಉಡುವುದು, ಮಲಗುವುದು

ಉರಿಯೂತ ದ್ರವವನ್ನು ಚರ್ಮದ ಕಡೆಗೆ ಎಳೆಯುತ್ತದೆ, ಕೆಟ್ಟ ಚರ್ಮದಿಂದ ನೀರು ಆವಿಯಾಗಿಯೂ ಹೋಗುತ್ತದೆ. ಆದ್ದರಿಂದ ಎರಡು ಮೂರು ದಿನ ಎಂದಿಗಿಂತ ಹೆಚ್ಚು ಕುಡಿಸಿ. ಒಂದೇ ಸಲ ಲೋಟ ತುಂಬ ಕುಡಿಸಹೋದರೆ ಮಕ್ಕಳು ಹಟ ಹಿಡಿಯುತ್ತಾರೆ, ಅರ್ಧ ಗಂಟೆಗೊಮ್ಮೆ ಎರಡು ಮೂರು ಗುಟುಕು ಸುಲಭ. ಎದೆಹಾಲು ಕುಡಿಯುವ ಮಗುವಾದರೆ ಹೆಚ್ಚು ಸಲ ಹಾಲೂಡಿಸಿ, ಆರು ತಿಂಗಳೊಳಗಿನ ಶಿಶುವಿಗೆ ಬರೀ ನೀರು ಕುಡಿಸಬೇಡಿ. ಸಾಕಾಗುತ್ತಿದೆಯೇ ಎಂದು ತಿಳಿಯಲು ಮೂತ್ರ ನೋಡಿ: ತಿಳಿ ಬಣ್ಣದಲ್ಲಿ, ಎಂದಿನಷ್ಟೇ ಸಲ ಆಗುತ್ತಿದ್ದರೆ ಚಿಂತೆಯಿಲ್ಲ. 6ರಿಂದ 8 ಗಂಟೆ ಮೂತ್ರವೇ ಇಲ್ಲ, ಬಾಯಿ ಒಣಗಿದೆ, ಅತ್ತರೆ ಕಣ್ಣೀರು ಬರುತ್ತಿಲ್ಲ ಎಂದಾದರೆ ವೈದ್ಯರ ಬಳಿ ಹೋಗಿ. ಓಆರ್‌ಎಸ್ ಬಳಸುವುದಾದರೆ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಬೆರೆಸಿ, ಅರ್ಧರ್ಧ ಅಂದಾಜಿನಲ್ಲಿ ಅಲ್ಲ.

ಮನೆಯಲ್ಲಿ ಮೇಲಂಗಿ ಇಲ್ಲದೆ ಇರಲಿ ಬಿಡಿ. ಹಾಕಲೇಬೇಕಾದರೆ ಸಡಿಲವಾದ ಹಳೆಯ ಹತ್ತಿ ಅಂಗಿ, ಹೊಲಿಗೆ ಚುಚ್ಚುತ್ತಿದ್ದರೆ ಒಳಹೊರಗು ತಿರುಗಿಸಿ ತೊಡಿಸಿ. ಹೆಗಲು ಸುಟ್ಟಿರುವಾಗ ಕಾರ್ ಸೀಟಿನ ಪಟ್ಟಿ ದೊಡ್ಡ ಹಿಂಸೆ. ಪಟ್ಟಿಯನ್ನು ಸಡಿಲ ಮಾಡುವುದು ಅಪಾಯ, ಪ್ರಯಾಣವನ್ನೇ ಮುಂದೂಡುವುದು ಮೇಲು. ಎತ್ತಿಕೊಳ್ಳುವಾಗ ಕಂಕುಳಿಗೆ ಕೈ ಹಾಕದೆ ಸೊಂಟ, ತೊಡೆಯ ಕೆಳಗೆ ಆಸರೆ ಕೊಡಿ.

ಗುಳ್ಳೆಗಳು

ಗುಳ್ಳೆಯೊಳಗಿರುವುದು ಕೀವಲ್ಲ, ತಿಳಿದ್ರವ. ಮೇಲಿನ ಪೊರೆ ಪ್ರಕೃತಿಯೇ ಹಾಕಿದ ಬ್ಯಾಂಡೇಜು, ಅದರಡಿಯಲ್ಲಿ ಹೊಸ ಚರ್ಮ ಬೆಳೆಯುತ್ತದೆ. ಒಡೆದರೆ ಸೋಂಕಿಗೆ ಬಾಗಿಲು ತೆರೆದಂತೆ. ಮಗಳ ಉಗುರನ್ನು ಇವತ್ತೇ ಕತ್ತರಿಸಿ.

ತಾನಾಗಿ ಒಡೆದರೆ ಕೈ ತೊಳೆದುಕೊಂಡು, ಸೌಮ್ಯ ಸೋಪು ಮತ್ತು ನೀರಿನಿಂದ ಆ ಜಾಗವನ್ನು ಮೃದುವಾಗಿ ತೊಳೆಯಿರಿ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಗಾಯಕ್ಕೆ ಅಂಟದ ಗಾಜ್ ಬಟ್ಟೆ (ಬ್ಯಾಂಡೇಜಿನ ತೆಳು ಬಟ್ಟೆ) ಇಟ್ಟು ಸಡಿಲವಾಗಿ ಮುಚ್ಚಿ. ದಿನಕ್ಕೊಮ್ಮೆ, ಅಥವಾ ಒದ್ದೆಯಾದಾಗ ಬದಲಾಯಿಸಿ. ಇಳಿಬಿದ್ದ ಪೊರೆಯನ್ನು ಕೀಳಬೇಡಿ. ಹತ್ತಿ ಉಂಡೆ ಇಡಬೇಡಿ, ಎಳೆಗಳು ಗಾಯಕ್ಕೆ ಅಂಟುತ್ತವೆ. ಅಂಟುಪಟ್ಟಿ ಸುಟ್ಟ ಚರ್ಮಕ್ಕೆ ತಾಗದಿರಲಿ, ತೆಗೆಯುವಾಗ ಚರ್ಮವನ್ನೂ ಎಳೆದುಕೊಂಡು ಬರುತ್ತದೆ.

ಕಾಯದೆ ವೈದ್ಯರ ಬಳಿಗೆ

ಮಗು ಒಂದು ವರ್ಷದೊಳಗಿನದಾದರೆ ಕೆಂಪು ಎಷ್ಟೇ ಕಡಿಮೆಯಿರಲಿ, ವೈದ್ಯರಿಗೆ ತೋರಿಸಿ. ದೊಡ್ಡ ಮಕ್ಕಳಲ್ಲಿ, ಗುಳ್ಳೆಗಳು ಹೆಚ್ಚು ಜಾಗ ಆವರಿಸಿದ್ದರೆ, ಮುಖ, ಕೈ ಅಥವಾ ಜನನಾಂಗದ ಮೇಲೆ ಎದ್ದಿದ್ದರೆ ತೋರಿಸಬೇಕು. ಜಾಗವನ್ನು ಅಂದಾಜಿಸಲು ಸುಲಭದ ಅಳತೆಯೊಂದಿದೆ: ಬೆರಳುಗಳೂ ಸೇರಿ ಮಗುವಿನದೇ ಅಂಗೈ ಅದರ ಮೈಯ ಸುಮಾರು 1%. ಗುಳ್ಳೆಗಳಿರುವ ಜಾಗ ಎಷ್ಟು ಅಂಗೈ ಎಂದು ಎಣಿಸಿ ಫೋನಿನಲ್ಲಿ ಹೇಳಿದರೆ ವೈದ್ಯರಿಗೆ ಒಳ್ಳೆಯ ಚಿತ್ರ ಸಿಗುತ್ತದೆ.

ಮುಖ ಊದಿಕೊಳ್ಳುವುದು, ನಡುಕ, ವಾಂತಿ, ತಲೆನೋವು, ತಲೆಸುತ್ತು, ಜ್ವರ, ಔಷಧ ಕೊಟ್ಟರೂ ನಿಲ್ಲದ ಅಳು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಿ. ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ಉಜ್ಜಿಕೊಳ್ಳುತ್ತಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೂ ಬಿಸಿಲಿನ ಪೆಟ್ಟು ಬಿದ್ದಿರಬಹುದು. ಎರಡು ದಿನದ ನಂತರ ನೋವು ಹೆಚ್ಚುವುದು, ಗುಳ್ಳೆಯಲ್ಲಿ ಕೀವು, ಅಲ್ಲಿಂದ ಹರಡುವ ಕೆಂಪು ಗೆರೆ ಸೋಂಕಿನ ಲಕ್ಷಣಗಳು.

ತುರ್ತು ನೆರವು ಬೇಕಾದ ಸ್ಥಿತಿ ಬೇರೆಯೇ ಇದೆ. ಮೈ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮಗು ಮಂಕಾಗಿ, ಕರೆದರೆ ಓಗೊಡದೆ, ಗೊಂದಲದಲ್ಲಿದ್ದರೆ ಅಥವಾ ಫಿಟ್ಸ್ ಬಂದರೆ ಅದು ಶಾಖಾಘಾತ. ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ನೆರಳಿನಲ್ಲಿ ಬಟ್ಟೆ ಬಿಚ್ಚಿ, ಮೈಗೆಲ್ಲ ನೀರು ಹಾಕುತ್ತ ಗಾಳಿ ಬೀಸಿ. ಇಲ್ಲಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ, ಪ್ರಜ್ಞೆ ಸರಿಯಿಲ್ಲದ ಮಗುವಿನ ಬಾಯಿಗೆ ನೀರನ್ನೂ ಹಾಕಬೇಡಿ.

ಮೈಬಣ್ಣ ಕಪ್ಪಿದ್ದರೆ ಕೆಂಪು ಸುಲಭವಾಗಿ ಕಾಣಿಸುವುದಿಲ್ಲ, ಅದಕ್ಕೇ ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ. ಅಂಥ ಮಕ್ಕಳಲ್ಲಿ ಕೈಹಿಂಬದಿಯಿಂದ ಮುಟ್ಟಿ ನೋಡಿ: ಚರ್ಮ ಬಿಸಿಯಾಗಿದೆಯೇ, ಬಿಗಿದಿದೆಯೇ, ಮುಟ್ಟಿದರೆ ಮಗು ಹಿಂದೆ ಸರಿಯುತ್ತದೆಯೇ, ಪಕ್ಕದ ಚರ್ಮಕ್ಕಿಂತ ಗಾಢವಾಗಿದೆಯೇ. ಇನ್ನೊಂದು ಮಾತು. ಬಿಸಿಲಿಗೆ ಕಾದ ಜಾರುಬಂಡೆಯೋ ಬೆಲ್ಟಿನ ಬಕಲ್ಲೋ ತಾಗಿ ಆದ ಗಾಯ ಬಿಸಿಲಿನ ಸುಡುವಿಕೆಯಲ್ಲ, ಬೆಂಕಿಗಾಯದಂಥದ್ದೇ. ಅದು ಆ ಕ್ಷಣದಲ್ಲೇ ಕಾಣಿಸುತ್ತದೆ, ವಸ್ತುವಿನ ಆಕಾರದಲ್ಲೇ ಇರುತ್ತದೆ. ಅದಕ್ಕೆ ತಕ್ಷಣ 20 ನಿಮಿಷ ಹರಿಯುವ ತಂಪು ನೀರು ಬೇಕು.

ಮೂರನೆಯ ದಿನದ ನಂತರ

ಕೆಂಪು 3ರಿಂದ 5 ದಿನದಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಸಿಪ್ಪೆ ಏಳಲು ಶುರು. ನೋವು ಹೋಗಿ ತುರಿಕೆ ಬರುತ್ತದೆ, ಅದು ನೋವಿಗಿಂತ ಕಿರಿಕಿರಿ. ಸತ್ತ ಪದರ ಉದುರುವುದು ಸಹಜ, ಎಳೆದರೆ ಮಾತ್ರ ಇನ್ನೂ ಬಲಿಯದ ಚರ್ಮವೂ ಜೊತೆಗೆ ಬರುತ್ತದೆ. ಲೋಷನ್ ಹಚ್ಚುತ್ತಿರಿ, ತುರಿಸಿದಾಗ ಒದ್ದೆಬಟ್ಟೆ ಇಡಿ.

ಹೊಸ ಚರ್ಮ ಕೆಲವು ವಾರಗಳವರೆಗೆ ಬಹಳ ಸೂಕ್ಷ್ಮ. ಪೂರ್ತಿ ಮಾಗುವವರೆಗೆ ಆ ಜಾಗಕ್ಕೆ ಬಿಸಿಲು ಬೀಳದಂತೆ ಬಟ್ಟೆಯಿಂದ ಮುಚ್ಚಿ. ಸುಟ್ಟ, ಗುಳ್ಳೆಯೆದ್ದ ಚರ್ಮದ ಮೇಲೆ ಸನ್‌ಸ್ಕ್ರೀನ್ ಹಚ್ಚಿ ಹೊರಗೆ ಕಳಿಸುವುದು ಪರಿಹಾರವಲ್ಲ.

ಮೋಡವಿದ್ದೂ ಹೇಗೆ ಸುಟ್ಟಿತು ಎಂಬ ನಿಮ್ಮ ಅಚ್ಚರಿಗೂ ಉತ್ತರ ಬೇಕಲ್ಲ. ತೆಳುಮೋಡ ಬಿಸಿಲಿನ ಕಾವನ್ನು ತಡೆಯುತ್ತದೆ, ಅತಿನೇರಳೆ ಕಿರಣದ ಬಹುಪಾಲನ್ನು ಬಿಟ್ಟುಬಿಡುತ್ತದೆ. ನೀರೂ ಅಷ್ಟೆ: ಅರ್ಧ ಮೀಟರ್ ಆಳದಲ್ಲೂ ಮೇಲ್ಮೈಯಲ್ಲಿರುವ ಅತಿನೇರಳೆ ಕಿರಣದ ಸುಮಾರು 40% ಇರುತ್ತದೆ. ತಂಪು ಗಾಳಿ, ತಂಪು ನೀರು ಎರಡೂ ಚರ್ಮ ಕೊಡುವ ಎಚ್ಚರಿಕೆಯನ್ನು ಮರೆಮಾಡಿದವು. ಮಧ್ಯಾಹ್ನದ ಬಿಸಿಲು ಎಷ್ಟು ಕಟು ಎಂದು ಅಳೆಯಲು ಮಗುವಿನ ನೆರಳು ನೋಡಿ: ನೆರಳು ಮಗುವಿನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಹೊರಗಿನ ಆಟಕ್ಕೆ ಅದು ಸಮಯವಲ್ಲ. ಮೋಡದಿಂದಾಗಿ ನೆರಳೇ ಕಾಣದಿದ್ದರೆ ಗಡಿಯಾರ ನೋಡಿ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಎಚ್ಚರ.

ನೀರಿನಲ್ಲಿ ಆಡಿಸುವಾಗ ಸಾಮಾನ್ಯ ಬಿಳಿ ಹತ್ತಿ ಟೀ ಶರ್ಟನ್ನು ನೆಚ್ಚಬೇಡಿ, ಒದ್ದೆಯಾದರೆ ಅದರ ತಡೆಯುವ ಶಕ್ತಿ ಇನ್ನೂ ಕುಗ್ಗುತ್ತದೆ. ಒತ್ತಾಗಿ ನೇಯ್ದ, ತೋಳು ಮುಚ್ಚುವ ಈಜುಡುಗೆ ಮೇಲು. ಬಟ್ಟೆ ಮುಚ್ಚದ ಜಾಗಕ್ಕೆ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನ, ಜಿಂಕ್ ಆಕ್ಸೈಡ್ ಇಲ್ಲವೇ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್. ನಿಮ್ಮ ಮಗಳಷ್ಟು ದೊಡ್ಡ ಮಗುವಿನ ಇಡೀ ಮೈಗೆ ಸುಮಾರು ಎರಡು ಟೀ ಚಮಚ ಬೇಕು. ಹೆಚ್ಚಿನವರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ಹೊರಡುವ 15ರಿಂದ 30 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಮೈ ಒರೆಸಿದ ಪ್ರತಿಸಲ ಮತ್ತೆ ಹಚ್ಚಿ. ಕಿವಿಯ ತುದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ, ಬೈತಲೆಯ ಗೆರೆ ಸಾಮಾನ್ಯವಾಗಿ ಮರೆತುಹೋಗುವ ಜಾಗಗಳು.

ಕೆಲವೇ ನಿಮಿಷದ ಬಿಸಿಲಿಗೂ ಮತ್ತೆ ಮತ್ತೆ ಹೀಗೆ ಸುಡುತ್ತಿದ್ದರೆ, ಅಥವಾ ಕೆಂಪೇ ಇಲ್ಲದೆ ಬಿಸಿಲಿಗೆ ಹೋದ ಕೂಡಲೇ ಉರಿ ಉರಿ ಎಂದು ಕಿರುಚುತ್ತಿದ್ದರೆ, ಸನ್‌ಸ್ಕ್ರೀನ್ ಬದಲಾಯಿಸುತ್ತ ಕೂರದೆ ಚರ್ಮತಜ್ಞರಿಗೆ ತೋರಿಸಿ. ಬೆಳಕಿಗೆ ಅತಿಯಾಗಿ ಸ್ಪಂದಿಸುವ ಕೆಲವು ಹುಟ್ಟು ಕಾಯಿಲೆಗಳು ಮೊದಲು ಗೊತ್ತಾಗುವುದೇ ಹೀಗೆ.